ಕಾರ್ಮೆನ್ ಹೆರೇರಾ ಅವರ ದೀರ್ಘಸಾಧನೆ



ವಾರ್ಧಕ್ಯವೇ ಸಾಧನೆಯ ಮುಕ್ತಾಯವೆಂದು ಭಾವಿಸುವವರು, 1915ರಲ್ಲಿ ಕ್ಯೂಬಾದ ಹವಾನಾದಲ್ಲಿ ಜನಿಸಿ, 1939ರಲ್ಲಿ ಅಮೆರಿಕದ ಅಧ್ಯಾಪಕರೊಬ್ಬರನ್ನು ವರಿಸಿ ನ್ಯೂಯಾರ್ಕಿಗೆ ವಲಸೆ ಬಂದ ಚಿತ್ರಕಲಾವಿದೆ ಕಾರ್ಮೆನ್ ಹೆರೇರಾ ಅವರ ಜೀವನವನ್ನು ಪರ್ಯಾಲೋಚಿಸಬೇಕು. ಸರಳರೇಖೆ, ಶುದ್ಧವರ್ಣ, ನಿಶಿತಕೋನಗಳಲ್ಲಿಯೇ ಸೌಂದರ್ಯವನ್ನು ಅರಸಿದ ಇವರಿಗೆ ಸ್ತ್ರೀಯೆಂಬ ಕಾರಣದಿಂದಲೇ ಪ್ರದರ್ಶನಾವಕಾಶವು ನಿರಾಕೃತವಾದುದುಂಟು; ಆದರೂ ಯಶಸ್ಸನ್ನಾಗಲಿ ಧನವನ್ನಾಗಲಿ ನಿರೀಕ್ಷಿಸದೆ, ದಶಕಗಳ ಪರ್ಯಂತ ಕುಂಚವನ್ನು ಕೆಳಗಿಡದೆ ದುಡಿದರು. ಇವರ ಚಿತ್ರವು ಮೊಟ್ಟಮೊದಲು ಮಾರಾಟವಾದುದು 2004ರಲ್ಲಿ, 89ರ ಪ್ರಾಯದಲ್ಲಿ. ನ್ಯೂಯಾರ್ಕಿನ ವಿಟ್ನಿ ಕಲಾಸಂಗ್ರಹಾಲಯವು ಇವರ ಕೃತಿಗಳ ಮಹಾಪ್ರದರ್ಶನವನ್ನು ಏರ್ಪಡಿಸಿದುದು 2016ರಲ್ಲಿ. 106 ವರ್ಷಗಳ ತುಂಬುಬಾಳನ್ನು ಬಾಳಿ 2022ರಲ್ಲಿ ದಿವಂಗತರಾದರು. ತಡವಾಗಿ ಬಂದ ಈ ಮನ್ನಣೆಯನ್ನು ಕೊಂಡಾಡಿ ಸುಮ್ಮನಾಗದೆ, ನಮ್ಮ ನಡುವಣ ಅಜ್ಞಾತ ಕಲಾವಿದೆಯರನ್ನು ಸಕಾಲದಲ್ಲಿಯೇ ಗುರುತಿಸಿ ಪುರಸ್ಕರಿಸುವುದು ಸಹೃದಯರೆಲ್ಲರ ಕರ್ತವ್ಯ.

ಇತಿ,
ಓರ್ವ ಕಲಾಭಿಮಾನಿ