ತುಂಬಾದವರು ದೇವಾಲಯವನ್ನೇ ಕೊಟ್ಟರು, ನಾವು ಹಾಲ್‌ ಕೀಲಿಯನ್ನೂ ಕೊಡೆವು



ನಮ್ಮ ಪ್ಯಾರಿಷ್ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೊ ವರ್ಷಕ್ಕೆ ನಾಲ್ಕು ಸಲವಾದರೂ ಬರುತ್ತದೆ. ಸೈಕಲ್ಲಿನ ಹಿಂದೆ ರಾಕೆಟ್ಟಿನ ಮೂತಿ, ಪಕ್ಕದಲ್ಲಿ ಅದನ್ನು ಹಿಡಿದುಕೊಂಡು ನಡೆಯುವವರು. ಕೆಳಗೆ ಬರಹ: ಭಾರತದ ಬಾಹ್ಯಾಕಾಶ ಯಾತ್ರೆ ಶುರುವಾದದ್ದು ನಮ್ಮ ಚರ್ಚಿನಲ್ಲಿ, ಹೆಮ್ಮೆಯಿಂದ ಶೇರ್ ಮಾಡಿ. ಚಂದ್ರಯಾನ–3 ಇಳಿದ 2023ರ ಆಗಸ್ಟ್ 23ರ ಸಂಜೆ ಅದು ಎಷ್ಟು ಸಲ ಬಂತೋ ಲೆಕ್ಕವಿಲ್ಲ. ನಾವೂ ಶೇರ್ ಮಾಡಿದ್ದೆವು, ಸುಳ್ಳೇಕೆ ಹೇಳಬೇಕು.

ಹೋದ ಸಂಕ್ರಾಂತಿ ರಜೆಯಲ್ಲಿ ನಮ್ಮ ಯುವಕರ ಗುಂಪು ಆ ಚರ್ಚನ್ನು ಕಣ್ಣಾರೆ ನೋಡಿ ಬಂತು. ವೇಳಾಂಗಣಿಗೆ ಹೋಗುತ್ತೇವೆಂದರೆ ಬಸ್ಸಿಗೆ ಚಂದಾ ಕೊಡುವ ಹಿರಿಯರು, ಮ್ಯೂಸಿಯಂಗೆ ಎಂದಾಗ ಮುಖ ತಿರುಗಿಸಿದರು. ಆದೋನಿಯಿಂದ ರೈಲು ಹತ್ತಿ, ಜನರಲ್ ಬೋಗಿಯಲ್ಲಿ ಅರ್ಧ ದಾರಿ ನಿಂತುಕೊಂಡೇ ತಿರುವನಂತಪುರ ಸೇರಿದೆವು. ಅಲ್ಲಿಂದ ಸ್ವಲ್ಪ ದೂರದಲ್ಲಿ ತುಂಬಾ ಎಂಬ ಕಡಲತೀರದ ಊರು. ಮಲಯಾಳದಲ್ಲಿ ತುಂಬ ಎಂದರೆ ನಮ್ಮ ತುಂಬೆ ಹೂವು. ಪೂಜೆ ತೆಲುಗಿನಲ್ಲಿ ಕೇಳಿ ಮನೆಯಲ್ಲಿ ಕನ್ನಡ ಆಡುವ ನಮಗೆ ಇನ್ನೊಂದು ಭಾಷೆಯಲ್ಲಿ ನಮ್ಮದೇ ಪದ ಸಿಕ್ಕಿದ್ದು ಖುಷಿಯಾಯಿತು.

ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರದ ಆವರಣದಲ್ಲಿ ಮಗ್ದಲದ ಸಂತ ಮರಿಯಳ ದೇವಾಲಯ ಇದೆ. ಹೊರಗಿನಿಂದ ನೋಡಿದರೆ ಈಗಲೂ ಚರ್ಚೇ. ಒಳಗೆ ರಾಕೆಟ್ಟುಗಳ, ಉಪಗ್ರಹಗಳ ಮಾದರಿಗಳು. ನಮ್ಮ ಜೊತೆ ಬಂದಿದ್ದ ಇಂಟರ್ ಓದುವ ಹುಡುಗಿಯೊಬ್ಬಳು ಬಾಗಿಲಲ್ಲೇ ಅಭ್ಯಾಸಬಲದಿಂದ ಶಿಲುಬೆಯ ಗುರುತು ಮಾಡಿದಳು. ಯಾರೂ ನಗಲಿಲ್ಲ.

ಆ ಜಾಗವೇ ಏಕೆ ಬೇಕಿತ್ತು ಎಂಬುದನ್ನು ಫಾರ್ವರ್ಡ್ ಮಾಡುವವರು ಹೇಳುವುದಿಲ್ಲ. ಭೂಮಿಯ ಕಾಂತೀಯ ಸಮಭಾಜಕ ರೇಖೆ ತುಂಬಾದ ತೀರಾ ಸಮೀಪ ಹಾದುಹೋಗುತ್ತದೆ. ಆ ರೇಖೆಯ ಮೇಲೆ, ಸುಮಾರು 100 ಕಿ.ಮೀ. ಎತ್ತರದಲ್ಲಿ, ಹಗಲು ಹೊತ್ತು ವಿದ್ಯುತ್ ಪ್ರವಾಹವೊಂದು ಪಟ್ಟಿಯಂತೆ ಹರಿಯುತ್ತದೆ. ಬಲೂನು ಅಷ್ಟು ಮೇಲೆ ಹೋಗದು, ಉಪಗ್ರಹ ಅಷ್ಟು ಕೆಳಗೆ ಬಹುಕಾಲ ಸುತ್ತದು. ಅದನ್ನು ಮುಟ್ಟಿ ಅಳೆಯಲು ಸಣ್ಣ ರಾಕೆಟ್ಟೇ ಬೇಕು. ಅದಕ್ಕೇ ಸಾರಾಭಾಯ್ ಈ ತೀರವನ್ನು ಕೇಳಿದರು. 1963ರ ನವೆಂಬರ್ 21ರ ಸಂಜೆ ಮೊದಲ ರಾಕೆಟ್ ಹಾರಿತು. ನೈಕಿ–ಅಪಾಚಿ ಎಂಬ ಆ ರಾಕೆಟ್ ಅಮೆರಿಕದ್ದು, ಅದರೊಳಗಿದ್ದ ಸೋಡಿಯಂ ಆವಿಯ ಉಪಕರಣ ಫ್ರಾನ್ಸಿನದು. ನಮ್ಮದು ಎಂದು ಹೇಳಲು ನೆಲವೂ, ದುಡಿದ ಜನರೂ ಇದ್ದರು. ಇವತ್ತಿಗೂ ಅಲ್ಲಿಂದ ರೋಹಿಣಿ ಸಣ್ಣ ರಾಕೆಟ್ಟುಗಳು ಹಾರುತ್ತವೆ. 2022ರ ನವೆಂಬರ್ 23ರಂದು ಆರ್‌ಎಚ್–200 ಒಂದೂ ತಪ್ಪದೆ ಸತತ 200ನೇ ಸಲ ಹಾರಿತು.

ಆ ನೆಲ ಯಾರದು? ಲ್ಯಾಟಿನ್ ಕ್ಯಾಥೊಲಿಕ್ ಮೀನುಗಾರರದು. ಕಲಾಂ ಅವರು ಬರೆದಿರುವಂತೆ, ಸಾರಾಭಾಯ್ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕಂಡಾಗ, ಬಿಷಪ್ಪರು ತಾವೇ ಹೂಂ ಎನ್ನಲಿಲ್ಲ. ಭಾನುವಾರದ ಪೂಜೆಗೆ ಬರಹೇಳಿ, ದೇವಾಲಯವನ್ನೂ ತಮ್ಮ ವಾಸದ ಮನೆಯನ್ನೂ ಕೊಡೋಣವೇ ಎಂದು ಜನರನ್ನೇ ಕೇಳಿದರು. ಜನ ಆಮೆನ್ ಎಂದರು. ಚರ್ಚು ಕಚೇರಿಯೂ ಕಾರ್ಯಾಗಾರವೂ ಆಯಿತು. ದನದ ಕೊಟ್ಟಿಗೆಯೂ ಪ್ರಯೋಗಾಲಯವಾಯಿತು.

ನಾವು ಇದುವರೆಗೆ ಇಲ್ಲಿಗೇ ಕಥೆ ನಿಲ್ಲಿಸುತ್ತಿದ್ದೆವು. ಅಲ್ಲಿ ನಿಂತು ನೋಡಿದಾಗ ನಿಲ್ಲಿಸಲಾಗಲಿಲ್ಲ. ಬಿಷಪ್ಪರ ಹೆಸರು ಉಳಿಯಿತು, ಕಲಾಂ ಅವರ ಹೆಸರು ಉಳಿಯಿತು. ಮನೆ ಬಿಟ್ಟವರ ಹೆಸರು? ಪಳ್ಳಿತ್ತುರ ಎಂಬ ಆ ಹಳ್ಳಿಯವರು ಬಲೆ, ದೋಣಿ, ಮಕ್ಕಳು, ಎಲ್ಲ ಕಟ್ಟಿಕೊಂಡು ಬೇರೆ ಕಡೆ ಹೋದರು. ಹೆಸರನ್ನೂ ಜೊತೆಗೇ ಒಯ್ದರು, ಹೊಸ ಊರೂ ಪಳ್ಳಿತ್ತುರವೇ. ಪಳ್ಳಿ ಎಂದರೆ ಚರ್ಚು, ತುರ ಎಂದರೆ ಮೀನುಗಾರರ ದಕ್ಕೆ. ಸರ್ಕಾರ ಭೂಮಿ ಬೇಕೆಂದರೆ ಕಾನೂನಿನಿಂದಲೇ ತೆಗೆದುಕೊಳ್ಳಬಹುದಿತ್ತು, ಜನ ಕೊಟ್ಟರೋ ಕೊಡಬೇಕಾಯಿತೋ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಹೊಟ್ಟೆಪಾಡಿನ ಕಡಲನ್ನು ಬಿಟ್ಟು ಸರಿಯುವುದು ಒಂದು ಆಮೆನ್‌ನಷ್ಟು ಹಗುರವಾಗಿ ಆಗಿರಲಿಕ್ಕಿಲ್ಲ.

ಇನ್ನೂ ಒಂದು ಮಾತು. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಇದೇ ಜಿಲ್ಲೆಯ ಕಡಲಿಗೆ ಬಂತು. ಎಚ್ಚರಿಕೆ ಬರುವಷ್ಟರಲ್ಲಿ ಬಹಳ ದೋಣಿಗಳು ದೂರ ಹೋಗಿಬಿಟ್ಟಿದ್ದವು. ಎಷ್ಟೋ ಮಂದಿ ತಿರುಗಿ ಬರಲಿಲ್ಲ. ಆಮೇಲೆ, ನಡುಗಡಲಲ್ಲಿದ್ದರೂ ಉಪಗ್ರಹದ ಮೂಲಕ ಎಚ್ಚರಿಕೆ ಮುಟ್ಟಿಸುವ ನಾವಿಕ್ ಸಾಧನವನ್ನು ಮೀನುಗಾರರಿಗೆ ಕೊಡತೊಡಗಿದರು. ಮೊದಲ ರಾಕೆಟ್ಟಿಗೆ ಜಾಗ ಬಿಟ್ಟುಕೊಟ್ಟ ಸಮುದಾಯಕ್ಕೆ ಅದು ತಲುಪಲು 50 ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಈ ಸಾಲನ್ನು ಯಾವ ಫಾರ್ವರ್ಡಿನಲ್ಲಿ ಬರೆದಿದ್ದಾರೆ?

ಈಗ ನಮ್ಮೂರಿಗೆ ಬರೋಣ.

ನಮ್ಮ ಪ್ಯಾರಿಷ್ ಹಾಲ್ ವಾರದಲ್ಲಿ ಆರು ದಿನ ಬೀಗ ಹಾಕಿರುತ್ತದೆ. ಭಾನುವಾರ ಧರ್ಮೋಪದೇಶದ ತರಗತಿ, ಆಗಾಗ ಒಂದು ಮದುವೆ ಊಟ, ಅಷ್ಟೇ. ಫ್ಯಾನು, ಟ್ಯೂಬ್‌ಲೈಟು, ಕುರ್ಚಿ ಎಲ್ಲ ಇವೆ. ಹೋದ ವರ್ಷ ನಾವು ಒಂದು ಅರ್ಜಿ ಕೊಟ್ಟೆವು. ಸಂಜೆ ಹೊತ್ತು ಹಾಲ್ ಕೊಡಿ, ಮಕ್ಕಳಿಗೆ ಗಣಿತ ವಿಜ್ಞಾನ ಹೇಳಿಕೊಡುತ್ತೇವೆ ಎಂದು. ಯಾವ ಮಕ್ಕಳು? ಕೋಸಿಗಿ, ಕೌತಾಳಂ, ಹೊಳಗುಂದ ಕಡೆಯಿಂದ ಅಪ್ಪ ಅಮ್ಮ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಹೋದಾಗ ಇಲ್ಲಿ ಅಜ್ಜಿಯ ಹತ್ತಿರ ಉಳಿಯುವ ಮಕ್ಕಳು. ಜೊತೆಗೆ ಹೋಗಿ, ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡು ಬಂದು, ಏಳನೇ ಕ್ಲಾಸಿನಲ್ಲಿ ಭಾಗಾಕಾರ ಬಾರದೆ ಹಿಂದಿನ ಬೆಂಚಿನಲ್ಲಿ ಕೂರುವ ಮಕ್ಕಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷು. ನಮ್ಮಲ್ಲೂ ಕೆಲವರು ಹಾಗೇ ಓದಿ ಬಂದವರು. ಬಿ.ಎಸ್‌ಸಿ. ಮುಗಿಸಿಯೂ ಆ ಬೆಂಚು ಮರೆತಿಲ್ಲ.

ಉತ್ತರ ಬಂತು. ಹಾಲ್ ಆಶೀರ್ವಾದ ಮಾಡಿದ ಜಾಗ, ಹಾಗೆಲ್ಲ ಕೊಡಲಾಗದು. ಬೇರೆ ಧರ್ಮದ ಮಕ್ಕಳೂ ಬರುತ್ತಾರೆ, ನಾಳೆ ಯಾರಾದರೂ ಮತಾಂತರ ಅಂದರೆ? ಕರೆಂಟು ಬಿಲ್ಲು ಯಾರು ಕಟ್ಟುತ್ತಾರೆ? ಕೊನೆಗೆ ಒಬ್ಬ ಹಿರಿಯರು, ನಮ್ಮನ್ನು ಎತ್ತಿ ಆಡಿಸಿದ ತಾತನೇ, ಬುದ್ಧಿ ಹೇಳಿದರು: ವಿಜ್ಞಾನ ಹೆಚ್ಚು ತಲೆಗೆ ಹೋದರೆ ವಿಶ್ವಾಸ ಕಡಿಮೆಯಾಗುತ್ತದೆ, ಮಕ್ಕಳೇ.

ತಾತ, ತಮ್ಮ ಮೇಲೆ ನಮಗೆ ಗೌರವವಿದೆ, ಅದಕ್ಕೇ ನೇರವಾಗಿ ಕೇಳುತ್ತೇವೆ. ಆಶೀರ್ವಾದ ಮಾಡಿದ ಜಾಗ ಎಂದಿರಿ. ತುಂಬಾದಲ್ಲಿ ಕೊಟ್ಟದ್ದು ಹಾಲ್ ಅಲ್ಲ, ಪೂಜೆ ನಡೆಯುತ್ತಿದ್ದ ದೇವಾಲಯ. ಬೇರೆ ಧರ್ಮದವರು ಎಂದಿರಿ. ಅಲ್ಲಿ ಕೇಳಿದ್ದು ಸಾರಾಭಾಯ್, ಕೆಲಸ ಮಾಡಿದ್ದು ಕಲಾಂ. ಮತಾಂತರದ ಭಯ ಸುಳ್ಳಲ್ಲ, ಈ ಕಾಲದಲ್ಲಿ ಹುಷಾರಾಗಿರಬೇಕು ಎಂಬುದನ್ನು ಒಪ್ಪುತ್ತೇವೆ. ಪ್ರತಿ ಮಗುವಿನ ಮನೆಯವರಿಂದ ಒಪ್ಪಿಗೆ ಬರೆಸಿಕೊಳ್ಳೋಣ, ಪಾಠದ ಹೊತ್ತಿನಲ್ಲಿ ಪ್ರಾರ್ಥನೆ ಬೇಡ, ಬರಿ ಲೆಕ್ಕ ಮಾಡೋಣ.

ವಿಶ್ವಾಸ ಕಡಿಮೆಯಾಗುವ ಮಾತಿಗೆ ಮಾತ್ರ ನಮಗೆ ಸಿಟ್ಟು ಬಂತು. ಯಾಕೆಂದರೆ ಅದೇ ವಾರ ಗುಂಪಿಗೆ ಬಂದ ಸಂದೇಶ ನೋಡಿ: ಯೆಹೋಶುವನ ಕಾಲದಲ್ಲಿ ನಿಂತ ಸೂರ್ಯನಿಂದ ಕಳೆದುಹೋದ ದಿನವನ್ನು ನಾಸಾ ಕಂಪ್ಯೂಟರ್ ಹುಡುಕಿಕೊಟ್ಟಿದೆಯಂತೆ. ಇದು ನಮ್ಮ ಅಪ್ಪಂದಿರು ಹುಡುಗರಾಗಿದ್ದಾಗಿನಿಂದ ಸುತ್ತುತ್ತಿರುವ ಕಟ್ಟುಕಥೆ, ಹಾಗೇನೂ ಇಲ್ಲ ಎಂದು ನಾಸಾವೇ ಹೇಳಿದೆ. ಅದಕ್ಕೆ ನಲವತ್ತು ಆಮೆನ್ ಬಿದ್ದವು. ವಿಜ್ಞಾನ ಕಲಿಯುವುದು ವಿಶ್ವಾಸಕ್ಕೆ ಅಪಾಯ, ಆದರೆ ವಿಜ್ಞಾನದ ಹೆಸರಿನ ಸುಳ್ಳು ವಿಶ್ವಾಸಕ್ಕೆ ಬಲವೇ? ಹತ್ತನೇ ಕ್ಲಾಸಿನ ಹುಡುಗ ಅದನ್ನು ಫೋನಿನಲ್ಲಿ ಎರಡು ನಿಮಿಷದಲ್ಲಿ ಹುಡುಕಿ ನೋಡುತ್ತಾನೆ. ಆಮೇಲೆ ಅವನು ನಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ತಂಡ 1975ರಲ್ಲಿ ಹಾರಿದ ಆರ್ಯಭಟವನ್ನು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿತು. ಶೆಡ್ಡು, ಕೊಟ್ಟಿಗೆ, ಚರ್ಚು, ಇಂಥ ಕಡೆಗಳಲ್ಲೇ ಶುರುವಾಯಿತು. ನಮ್ಮ ಹಾಲ್ ಅವೆಲ್ಲಕ್ಕಿಂತ ಚೆನ್ನಾಗಿದೆ, ಟೈಲ್ಸ್ ಕೂಡ ಹಾಕಿಸಿದ್ದೇವೆ.

ಮುಂದಿನ ಭಾನುವಾರ ಎರಡನೇ ಪೂಜೆಯಾದ ಮೇಲೆ ಅರ್ಜಿಯನ್ನು ಮತ್ತೆ ಕೊಡುತ್ತೇವೆ. ಈ ಸಲ ಕೌನ್ಸಿಲ್ ಕೋಣೆಯೊಳಗೆ ಬೇಡ. ತುಂಬಾದಲ್ಲಿ ಕೇಳಿದಂತೆ ಎಲ್ಲರ ಮುಂದೆ ಓದಿ ಎಂದು ಫಾದರ್ ಅವರನ್ನು ವಿನಂತಿಸಿದ್ದೇವೆ. ಕೇಳುತ್ತಿರುವುದು ಸೋಮವಾರದಿಂದ ಶುಕ್ರವಾರ, ಸಂಜೆ 6ರಿಂದ 8. ಯಾರೂ ಮನೆ ಬಿಡಬೇಕಿಲ್ಲ, ಬಲೆ ದೋಣಿ ಹೊರಬೇಕಿಲ್ಲ. ಕರೆಂಟು ಬಿಲ್ಲಿಗೆ ನಾವು ಹನ್ನೊಂದು ಮಂದಿ ತಿಂಗಳಿಗೆ ನೂರು ನೂರು ರೂಪಾಯಿ ಹಾಕುತ್ತೇವೆ. ಗುಡಿಸುವುದೂ ನಮ್ಮದೇ. ಮದುವೆ ಇದ್ದ ದಿನ ಮುಂಚೆಯೇ ಹೇಳಿದರೆ ಸಾಕು, ಮಕ್ಕಳನ್ನು ಬೇವಿನ ಮರದ ಕೆಳಗೆ ಕೂರಿಸುತ್ತೇವೆ.