ಡಿಸ್ಕ್ ಕೆಟ್ಟರೆ ಯಂತ್ರವನ್ನೇ ಎಸೆಯಬೇಕೆ?

ವಿಡಿಯೋ ಆಟದ ಯಂತ್ರವನ್ನು ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯಹೊರಟವನನ್ನು ಕಂಡು ನಮ್ಮ ಅಧ್ಯಾಪಕರು ಮುಗುಳ್ನಕ್ಕಾರು. ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರಗಳ ಘನವಾದ ವಿಷಯಗಳಿರುವಾಗ ಈ ಹುಡುಗಾಟಿಕೆಯ ವಸ್ತುವೇಕೆ ಎಂದು ಅವರು ಕೇಳಿದರೆ ಅದು ಸಹಜವೇ. ಆದರೆ ಈ ಚಿಕ್ಕ ಪೆಟ್ಟಿಗೆಯೊಳಗೆ ಒಂದು ದೊಡ್ಡ ಪ್ರಶ್ನೆ ಅಡಗಿದೆ. ದುಡ್ಡು ಕೊಟ್ಟು ತಂದ ವಸ್ತು ಯಾರದು? ಕೊಂಡವನದೋ, ಮಾಡಿದವನದೋ? ಅದರ ಒಂದು ಅವಯವ ಸವೆದುಹೋದಾಗ ಬೇರೊಂದನ್ನು ತಂದು ಹಾಕುವ ಅಧಿಕಾರ ಯಾರಿಗೆ ಇರತಕ್ಕದ್ದು? ಈ ಪ್ರಶ್ನೆ ಅರ್ಥಶಾಸ್ತ್ರಕ್ಕೂ ಸೇರಿದ್ದು, ನ್ಯಾಯಕ್ಕೂ ಸೇರಿದ್ದು. ಆದುದರಿಂದ ವಾಚಕರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ಮೊದಲು ನಮ್ಮ ಕಡೆಯ ಸ್ಥಿತಿಯನ್ನು ನೋಡೋಣ. ಸೋನಿ ಕಂಪನಿಯ ಪ್ಲೇಸ್ಟೇಷನ್ ೪ ಎಂಬ ಯಂತ್ರವು ೨೦೧೪ರ ಜನವರಿಯಲ್ಲಿ ನಮ್ಮ ದೇಶದ ಪೇಟೆಗೆ ಬಂದಾಗ ಅದರ ಬೆಲೆ ೩೯,೯೯೦ ರೂಪಾಯಿ. ಅದರ ಮುಂದಿನ ಪ್ಲೇಸ್ಟೇಷನ್ ೫ ಎಂಬುದು ೨೦೨೧ರ ಫೆಬ್ರವರಿಯಲ್ಲಿ ಬಂದಾಗ ೪೯,೯೯೦ ರೂಪಾಯಿ. ಮಳೆಯನ್ನು ನಂಬಿದ ಒಕ್ಕಲುತನದ ಮನೆಗಾಗಲಿ, ಇಳಕಲ್ಲಿನ ಮಗ್ಗದ ಮನೆಗಾಗಲಿ ಈ ಮೊತ್ತ ಚಿಕ್ಕದಲ್ಲ. ಆದಕಾರಣ ನಮ್ಮ ಹಳ್ಳಿಗಳಿಗೆ ಇಂಥ ಯಂತ್ರ ಹೊಸದಾಗಿ ಬರುವುದು ಅಪರೂಪ. ಬೆಂಗಳೂರಿನಲ್ಲೋ ಪುಣೆಯಲ್ಲೋ ದುಡಿಯುವ ಅಣ್ಣನೊಬ್ಬ ಕೆಲವು ವರ್ಷ ಬಳಸಿ, ಆಮೇಲೆ ತಮ್ಮನಿಗೆ ಕೊಡುತ್ತಾನೆ. ಅದು ಊರಿಗೆ ಬಂದು ಸೇರುವ ಹೊತ್ತಿಗೆ ವಾರಂಟಿಯ ಅವಧಿ ತೀರಿರುತ್ತದೆ. ಒಳಗಿನ ಅವಯವಗಳು ಸವೆಯತೊಡಗಿರುತ್ತವೆ. ಅಂದರೆ ಯಂತ್ರವು ದುರಸ್ತಿಯನ್ನು ಬೇಡುವ ಕಾಲಕ್ಕೆ ಸರಿಯಾಗಿ ಬಡವನ ಮನೆಯಲ್ಲಿರುತ್ತದೆ.

ಪಟ್ಟದಕಲ್ಲಿನ ನನ್ನ ಗೆಳೆಯನೊಬ್ಬನ ಮನೆಗೆ ಹೀಗೆ ಬಂದ ಪ್ಲೇಸ್ಟೇಷನ್ ೪ ಕಳೆದ ಬೇಸಗೆಯಲ್ಲಿ ನಿಂತುಹೋಯಿತು. ಒಳಗಿನಿಂದ ಕಟಕಟ ಸದ್ದು. ಪರದೆಯ ಮೇಲೆ ಸಂಗ್ರಹವನ್ನು ಓದಲಾಗದೆಂಬ ಸೂಚನೆ. ನಗರದ ಒಂದು ದುರಸ್ತಿ ಅಂಗಡಿಯವರು ಯಂತ್ರವನ್ನು ತಿರುಗಿಸಿ ನೋಡಿ, ಇದಕ್ಕೆ ಖರ್ಚು ಮಾಡುವುದಕ್ಕಿಂತ ಹೊಸದನ್ನು ಕೊಳ್ಳುವುದೇ ಲೇಸು ಎಂದು ಹೇಳಿ ಕಳಿಸಿದರು. ಗೆಳೆಯನ ತಂದೆ ಒಕ್ಕಲಿಗರು. ಆಟದ ಗಂಧ ಅವರಿಗಿಲ್ಲ. ಅವರು ಕೇಳಿದ್ದು ಒಂದೇ ಮಾತು: “ಕುಡ ಸವೀತಂತ ಯಾರಾದ್ರೂ ರಂಟೀನ ಒಗೀತಾರೇನ್ಪಾ?” ಇಡೀ ವಾದದ ತಿರುಳು ಈ ಮಾತಿನಲ್ಲಿದೆ.

ಕೆಟ್ಟದ್ದು ಯಾವುದು ಎಂಬುದನ್ನು ತಿಳಿದರೆ ಈ ಮಾತಿನ ಸತ್ಯ ಮನದಟ್ಟಾಗುತ್ತದೆ. ಹಾರ್ಡ್ ಡಿಸ್ಕ್ ಎಂಬುದು ವಿದ್ಯುತ್ ಯಂತ್ರಗಳ ನೆನಪಿನ ಉಗ್ರಾಣ. ೧೯೫೬ರಲ್ಲಿ ಐಬಿಎಂ ಕಂಪನಿ ಇಂಥ ಮೊದಲನೆಯ ಉಗ್ರಾಣವನ್ನು ಪೇಟೆಗೆ ತಂದಾಗ ಅದರಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದವು. ಹಿಡಿಯುತ್ತಿದ್ದುದು ಸುಮಾರು ೫ ಮೆಗಾಬೈಟು ಮಾತ್ರ. ಇಂದು ಅಂಗೈಯಗಲದ ಡಿಸ್ಕು ಅದರ ಲಕ್ಷ ಪಟ್ಟನ್ನು ಹಿಡಿಯುತ್ತದೆ. ಆದರೆ ತತ್ತ್ವ ಅದೇ. ತಟ್ಟೆ ನಿಮಿಷಕ್ಕೆ ೫,೪೦೦ ಸುತ್ತು ತಿರುಗುತ್ತದೆ. ಓದುವ ಮೊನೆ ಅದರ ಮೇಲೆ, ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ, ತೇಲುತ್ತಿರುತ್ತದೆ. ತಿರುಗುವ ವಸ್ತು ಒಂದು ದಿನ ಸವೆಯಲೇಬೇಕು. ಮೇಲಾಗಿ ನಮ್ಮ ಕಡೆಯ ಬೇಸಗೆಯ ಧಗೆ, ಎರೆನೆಲದ ಧೂಳು, ಹೇಳದೆ ಕೇಳದೆ ಹೋಗುವ ಕರೆಂಟು—ಇವೆಲ್ಲ ಅದರ ಆಯುಷ್ಯಕ್ಕೆ ಶತ್ರುಗಳು. ಯಂತ್ರದ ಉಳಿದ ಭಾಗಗಳು ಚೆನ್ನಾಗಿದ್ದು ಡಿಸ್ಕು ಮಾತ್ರ ಸಾಯುವುದು ಸಾಮಾನ್ಯ ಸಂಗತಿ.

ಇನ್ನು ಅದನ್ನು ಬದಲಿಸುವ ಕೆಲಸ. ಪ್ಲೇಸ್ಟೇಷನ್ ೪ರ ಮೊದಲ ಮಾದರಿಯಲ್ಲಿ ಮೇಲಿನ ಹೊಳಪಿನ ಮುಚ್ಚಳವನ್ನು ಪಕ್ಕಕ್ಕೆ ಸರಿಸಿದರೆ ಒಂದು ತಿರುಪು ಕಾಣಿಸುತ್ತದೆ. ಅದನ್ನು ಬಿಚ್ಚಿ, ಚೌಕಟ್ಟನ್ನು ಹೊರಗೆಳೆದು, ಡಿಸ್ಕನ್ನು ಹಿಡಿದಿರುವ ನಾಲ್ಕು ತಿರುಪುಗಳನ್ನು ತೆಗೆದರೆ ಹಳೆಯದು ಕೈಗೆ ಬರುತ್ತದೆ. ಅದರ ಜಾಗಕ್ಕೆ ಸಾಮಾನ್ಯ ಲ್ಯಾಪ್‌ಟಾಪಿನ ಎರಡೂವರೆ ಅಂಗುಲದ ಡಿಸ್ಕು ಸಾಕು, ದಪ್ಪ ೯.೫ ಮಿಲಿಮೀಟರನ್ನು ಮೀರಬಾರದು, ಅಷ್ಟೆ. ಅನಂತರ ಕಂಪನಿಯೇ ಉಚಿತವಾಗಿ ಒದಗಿಸಿರುವ ಮೂಲ ತಂತ್ರಾಂಶವನ್ನು ಪೆನ್ ಡ್ರೈವಿನಲ್ಲಿ ತಂದು, ಯಂತ್ರದ ಗುಂಡಿಯನ್ನು ಎರಡನೆಯ ಸದ್ದು ಕೇಳಿಸುವವರೆಗೆ ಒತ್ತಿ ಹಿಡಿದು, ಹೊಸದಾಗಿ ಸ್ಥಾಪಿಸಬೇಕು. ಈ ವಿಧಾನವನ್ನು ಕಂಪನಿಯೇ ತನ್ನ ಕೈಪಿಡಿಯಲ್ಲಿ ವಿವರಿಸಿದೆ. ಗೆಳೆಯನು ಬಾದಾಮಿಯ ಒಂದು ಮೊಬೈಲ್ ಅಂಗಡಿಯಿಂದ ಡಿಸ್ಕನ್ನು ತಂದು, ಒಂದು ಸಂಜೆಯೊಳಗೆ ಯಂತ್ರವನ್ನು ಎಬ್ಬಿಸಿದನು. ಕೊಳ್ಳಬೇಕಾಗಿದ್ದ ಹೊಸ ಯಂತ್ರದ ಬೆಲೆಯ ಹತ್ತರಲ್ಲೊಂದು ಪಾಲೂ ಖರ್ಚಾಗಲಿಲ್ಲ.

ಎಲ್ಲ ಯಂತ್ರಗಳೂ ಹೀಗಿದ್ದರೆ ಈ ಲೇಖನದ ಅವಶ್ಯಕತೆಯೇ ಇರುತ್ತಿರಲಿಲ್ಲ. ೨೦೦೧ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಹೊರತಂದ ಮೊದಲನೆಯ ಎಕ್ಸ್‌ಬಾಕ್ಸಿನಲ್ಲಿ ೮ ಗಿಗಾಬೈಟಿನ ಡಿಸ್ಕಿತ್ತು. ಅದು ಆ ಒಂದು ಯಂತ್ರಕ್ಕೆ ಮಾತ್ರ ಒಪ್ಪುವ ಗುಪ್ತ ಬೀಗದಿಂದ ಬಂಧಿತವಾಗಿತ್ತು. ಅಂಗಡಿಯಿಂದ ತಂದ ಬೇರೆ ಡಿಸ್ಕನ್ನು ಹಾಗೆಯೇ ಹಾಕಿದರೆ ಯಂತ್ರ ಅದನ್ನು ಸ್ವೀಕರಿಸುತ್ತಿರಲಿಲ್ಲ. ಇನ್ನು ಪ್ಲೇಸ್ಟೇಷನ್ ೫ರಲ್ಲಿ ತಿರುಗುವ ತಟ್ಟೆಯೇ ಇಲ್ಲ. ೮೨೫ ಗಿಗಾಬೈಟಿನ ನೆನಪಿನ ಚಿಪ್ಪುಗಳನ್ನು ಅದರ ಮೊದಲ ಮಾದರಿಯ ಮುಖ್ಯ ಫಲಕಕ್ಕೇ ಬೆಸೆದಿದ್ದಾರೆ. ಚಿಪ್ಪುಗಳಲ್ಲಿ ಚಲಿಸುವ ಭಾಗವಿಲ್ಲದ್ದರಿಂದ ಅವು ಹೆಚ್ಚು ಬಾಳುತ್ತವೆ, ವೇಗವಾಗಿಯೂ ಇರುತ್ತವೆ, ಇದನ್ನು ಒಪ್ಪಬೇಕು. ಹೆಚ್ಚಿನ ಸಂಗ್ರಹವನ್ನು ಸೇರಿಸಲು ಪ್ರತ್ಯೇಕ ಜಾಗವನ್ನೂ ಕೊಟ್ಟಿದ್ದಾರೆ. ಆದರೆ ಬೆಸೆದ ಚಿಪ್ಪುಗಳೇ ಕೆಟ್ಟರೆ ಸೇರಿಸಿದ ಸಂಗ್ರಹದಿಂದ ಯಂತ್ರ ಏಳುವುದಿಲ್ಲ. ಆಗ ತಿರುಪುಗಳನ್ನು ಬಿಚ್ಚಬಲ್ಲ ಹುಡುಗನೂ ನಿರುಪಾಯನು. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತೆ, ಇಡೀ ಫಲಕವನ್ನೇ ತೆಗೆದುಹಾಕಬೇಕು.

ತಯಾರಕರ ಪಕ್ಷದಲ್ಲಿಯೂ ಒಂದು ವಾದವುಂಟು. ಒಳಗನ್ನು ಮುಟ್ಟಗೊಟ್ಟರೆ ಆಟಗಳನ್ನು ಕದ್ದು ನಕಲು ಮಾಡುವವರಿಗೆ ದಾರಿ ತೆರೆದಂತಾಗುತ್ತದೆ. ಆಟ ರಚಿಸಿದವರ ಶ್ರಮಕ್ಕೆ ಬೆಲೆ ಸಿಗುವುದಿಲ್ಲ ಎಂಬುದು ಅವರ ಭಯ. ಭಯ ಸುಳ್ಳಲ್ಲ. ಆದರೆ ಅದಕ್ಕೆ ಉತ್ತರ ಸೋನಿಯ ಯಂತ್ರದಲ್ಲಿಯೇ ಇದೆ. ಪ್ಲೇಸ್ಟೇಷನ್ ೪ರ ಡಿಸ್ಕಿನಲ್ಲಿರುವ ಬರಹವೆಲ್ಲ ಗೂಢಲಿಪಿಯಲ್ಲಿದೆ. ಅದರ ಕೀಲಿಕೈ ಆಯಾ ಯಂತ್ರದೊಳಗೇ ಇರುತ್ತದೆ. ಆ ಡಿಸ್ಕನ್ನು ತೆಗೆದು ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಏನೂ ತಿಳಿಯುವುದಿಲ್ಲ. ಆದರೂ ಖಾಲಿಯಾದ ಹೊಸ ಡಿಸ್ಕನ್ನು ಯಾರು ಬೇಕಾದರೂ ಹಾಕಬಹುದು. ಬರಹಕ್ಕೆ ಬೀಗ ಹಾಕುವುದು ಬೇರೆ, ಪೆಟ್ಟಿಗೆಗೆ ಬೀಗ ಹಾಕುವುದು ಬೇರೆ ಎಂಬುದು ಇದರಿಂದ ಸಿದ್ಧವಾಗುತ್ತದೆ. ಮೊದಲನೆಯದು ರಚಿಸಿದವನ ರಕ್ಷಣೆ. ಎರಡನೆಯದು ಕೊಂಡವನ ಸುಲಿಗೆ.

ಕಾನೂನು ಈ ಭೇದವನ್ನು ಇನ್ನೂ ಚೆನ್ನಾಗಿ ಗುರುತಿಸಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ೨೦೧೮ರಲ್ಲಿ ಆರು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ಬಿಚ್ಚಿದರೆ ವಾರಂಟಿ ಹೋಗುವುದೆಂದು ಹೆದರಿಸುವುದು ಕಾನೂನಿಗೆ ವಿರುದ್ಧವಾಗಬಹುದು ಎಂಬುದು ಅದರ ಸಾರಾಂಶ. ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಮೂವರೂ ಆ ಆರರಲ್ಲಿದ್ದರು. ಆದರೆ ೨೦೨೩ರಲ್ಲಿ ಅದೇ ದೇಶದ ಕ್ಯಾಲಿಫೋರ್ನಿಯ ಮತ್ತು ಮಿನ್ನೆಸೋಟ ರಾಜ್ಯಗಳು ದುರಸ್ತಿಯ ಹಕ್ಕಿನ ಶಾಸನಗಳನ್ನು ಮಾಡಿದಾಗ ವಿಡಿಯೋ ಆಟದ ಯಂತ್ರಗಳನ್ನು ಹೊರಗಿಟ್ಟವು. ನಮ್ಮ ದೇಶದಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ೨೦೨೨ರ ಜುಲೈಯಲ್ಲಿ ಈ ಹಕ್ಕನ್ನು ಕುರಿತು ಸಮಿತಿಯೊಂದನ್ನು ರಚಿಸಿತು. ಬೇಸಾಯದ ಉಪಕರಣ, ಮೊಬೈಲು ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ಯಂತ್ರ, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಮೊದಲಿಗೆ ಹೆಸರಿಸಲಾಯಿತು. ಆಟದ ಯಂತ್ರದ ಹೆಸರು ಅಲ್ಲಿಲ್ಲ. ಅದೇ ವರ್ಷದಲ್ಲಿ ರಚಿತವಾಗಿ ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಾದರೋ ವಿಡಿಯೋ ಆಟದ ಸಾಧನಗಳು ಸೇರಿವೆ! ಕಸವಾದ ಮೇಲೆ ಲೆಕ್ಕಕ್ಕೆ ಬರುವ ವಸ್ತುವು ಕಸವಾಗುವ ಮೊದಲೇ ಏಕೆ ಲೆಕ್ಕಕ್ಕೆ ಬರಬಾರದು? ೨೦೨೨ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ೬.೨ ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತೆಂದೂ, ಅದರ ಕಾಲು ಪಾಲಿಗಿಂತ ಕಡಿಮೆ ಮಾತ್ರ ಕ್ರಮವಾಗಿ ಸಂಸ್ಕರಣೆಗೊಂಡಿತೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ.

ಈ ಪ್ರಶ್ನೆಯಲ್ಲಿ ನಮ್ಮ ನಾಡಿನ ಕಸುಬುದಾರರ ಅನ್ನವೂ ಸೇರಿದೆ. ಮಗ್ಗದ ಲಾಳಿ ಒಡೆದರೆ ಲಾಳಿಯನ್ನು, ಹಗ್ಗ ಹರಿದರೆ ಹಗ್ಗವನ್ನು ನೇಕಾರನು ತಾನೇ ಬದಲಿಸುತ್ತಾನೆ. ಇಳಕಲ್ಲ ಸೀರೆಯಲ್ಲಿಯಂತೂ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವುದೇ ಒಂದು ವಿದ್ಯೆ. ಬಡಿಗ, ಕಂಬಾರರ ಕಸುಬು ನಿಂತಿರುವುದೂ ಮುರಿದುದನ್ನು ಕೂಡಿಸಬಹುದೆಂಬ ನಂಬಿಕೆಯ ಮೇಲೆಯೇ. ಇಂದು ಹುನಗುಂದ, ಬಾದಾಮಿ, ಬಾಗಲಕೋಟೆಗಳ ಬಸ್ ನಿಲ್ದಾಣದ ಬಳಿ ಸಣ್ಣ ಗೂಡಂಗಡಿಗಳಲ್ಲಿ ಕುಳಿತು ಮೊಬೈಲು, ಟಿ.ವಿ.ಗಳನ್ನು ರಿಪೇರಿ ಮಾಡುವ ತರುಣರು ಅದೇ ಪರಂಪರೆಯವರು. ಅವಯವ ಸಿಗದಂತೆ, ಸಿಕ್ಕರೂ ಕೂಡದಂತೆ ಯಂತ್ರಗಳನ್ನು ಕಟ್ಟುತ್ತ ಹೋದರೆ ಅವರ ಕೈಗಳಿಗೆ ಕೆಲಸವೆಲ್ಲಿ?

ಹಕ್ಕಿನ ಮಾತನಾಡುವವನು ಕರ್ತವ್ಯದ ಮಾತನ್ನೂ ಆಡಬೇಕು. ಗೆಳೆಯನ ಯಂತ್ರ ಎದ್ದಿತು; ಆದರೆ ಅವನ ತಂಗಿ ಎರಡು ವರ್ಷ ಆಡಿ ಕೂಡಿಟ್ಟಿದ್ದ ಆಟದ ಪ್ರಗತಿ ಮರಳಿ ಬರಲಿಲ್ಲ. ಕೊಂಡ ಆಟಗಳನ್ನು ಖಾತೆಯಿಂದ ಮತ್ತೆ ಇಳಿಸಿಕೊಳ್ಳಬಹುದು. ಆಡಿದ್ದರ ದಾಖಲೆಯನ್ನು ಮಾತ್ರ ಮೊದಲೇ ಪೆನ್ ಡ್ರೈವಿಗೆ ನಕಲು ಮಾಡಿಡಬೇಕು. ಅದೇ ಊರಿನಲ್ಲಿ, ಅವರ ಮನೆಯಿಂದ ಕೂಗಳತೆಯಲ್ಲಿ, ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ ಕಾಲದ ಕಂಬವೊಂದಿದೆ. ಕ್ರಿ.ಶ. ೭೫೪ರ ಅದರ ಸಂಸ್ಕೃತ ಶಾಸನವನ್ನು ಎರಡು ಲಿಪಿಗಳಲ್ಲಿ ಕೊರೆದಿದ್ದಾರೆ: ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲಿ ಒಮ್ಮೆ, ಇಲ್ಲಿಯ ಹಳೆಯ ಕನ್ನಡ ಲಿಪಿಯಲ್ಲಿ ಇನ್ನೊಮ್ಮೆ. ಎರಡೂ ನಾಡಿನವರು ಓದಲಿ ಎಂಬುದು ಅವರ ಆಶಯವಿದ್ದಿರಬೇಕು. ಆದರೆ ಅದರಿಂದ ಇನ್ನೊಂದು ಲಾಭವೂ ಇದೆ: ಒಂದರಲ್ಲಿ ಅಕ್ಷರ ಸವೆದರೆ ಇನ್ನೊಂದು ನೆರವಾಗುತ್ತದೆ. ಕಲ್ಲಿನಲ್ಲಿ ಬರೆದವರೇ ಎರಡು ಸಲ ಬರೆದಿರುವಾಗ ತಿರುಗುವ ತಟ್ಟೆಯನ್ನು ನಂಬುವ ನಾವು ಒಂದೇ ಪ್ರತಿಗೆ ತೃಪ್ತರಾಗುವುದು ತರವಲ್ಲ.

ಒಟ್ಟಿನಲ್ಲಿ ನನ್ನ ಅಭಿಪ್ರಾಯವಿಷ್ಟೆ. ಸವೆಯುವ ಅವಯವವು ಬದಲಿಸಬರುವಂತಿರಬೇಕು. ಅದು ಸಾಮಾನ್ಯ ಪೇಟೆಯಲ್ಲಿ ಸಿಗುವಂಥದಾಗಿರಬೇಕು. ಬದಲಿಸುವ ಕ್ರಮವನ್ನು ತಯಾರಕರು ಬರೆದು ಪ್ರಕಟಿಸಬೇಕು. ಸರಕಾರವು ದುರಸ್ತಿಯ ಹಕ್ಕಿನ ಪಟ್ಟಿಯಲ್ಲಿ ಆಟದ ಯಂತ್ರವನ್ನೂ ಸೇರಿಸಬೇಕು. ನಾವು ವಿದ್ಯಾರ್ಥಿಗಳು ಮಾಡಬಹುದಾದದ್ದೂ ಉಂಟು. ಯಂತ್ರವನ್ನು ಕೊಳ್ಳುವಾಗ ಬೆಲೆಯನ್ನು ಕೇಳುವಂತೆಯೇ ಅದರ ಡಿಸ್ಕನ್ನು ತೆಗೆಯಬಹುದೇ ಎಂದು ಕೇಳೋಣ. ಮುಂದಿನ ವರ್ಷ ನಮ್ಮ ಕಾಲೇಜಿನ ಒಂದು ಕೋಣೆಯಲ್ಲಿ, ಶನಿವಾರದ ಮಧ್ಯಾಹ್ನ, ಒಂದು ಮೇಜು, ನಾಲ್ಕು ತಿರುಪುಳಿ, ಊರಿನ ಒಬ್ಬ ರಿಪೇರಿಗಾರ—ಇಷ್ಟಕ್ಕೆ ಏರ್ಪಾಡಾದರೆ, ನಮ್ಮ ಹುಡುಗರು ಬಿಚ್ಚುವುದನ್ನೂ ಕೂಡಿಸುವುದನ್ನೂ ಕಲಿತಾರು. ಪ್ರಾಚಾರ್ಯರೂ ಅಧ್ಯಾಪಕ ವರ್ಗದವರೂ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಂತಿ.