ಓದಿಗೆ ನೇಮ ಬೇಕೆ?

ವರ್ಷಾರಂಭದಲ್ಲಿ ‘ಈ ಸಲ ಇಷ್ಟು ಗ್ರಂಥಗಳನ್ನು ಓದಿಯೇ ತೀರಬೇಕು’ ಎಂದು ಸಂಕಲ್ಪಿಸುವ ವಾಡಿಕೆ ವಿದ್ಯಾವಂತರಲ್ಲಿ ಕಂಡುಬರುತ್ತಿದೆ. ಇದನ್ನು ಮೆಚ್ಚುವವರುಂಟು, ರಸಾಸ್ವಾದಕ್ಕೆ ಅಳತೆಗೋಲೆಲ್ಲಿಯದು ಎಂದು ನಗುವವರೂ ಉಂಟು. ಉಭಯ ಪಕ್ಷಗಳಲ್ಲಿಯೂ ಸತ್ಯಾಂಶವಿರುವುದರಿಂದ ವಿಷಯವು ವಿಚಾರಾರ್ಹವಾಗಿದೆ.

ಗುರಿಯ ಮಾತು ಬಂದಾಗ ಸಹಜವಾಗಿ ಸ್ಮರಣೆಗೆ ಬರುವ ಊರು ಮುದ್ದೇನಹಳ್ಳಿ. ನಂದಿಬೆಟ್ಟದ ಸೀಮೆಯ ಆ ಗ್ರಾಮದಲ್ಲಿ 1861ರಲ್ಲಿ ಜನಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಎಳೆವಯಸ್ಸಿನಲ್ಲಿಯೇ ಪಿತೃವಿಯೋಗಕ್ಕೊಳಗಾಗಿ, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಕಾಲಕ್ಷೇಪ ಮಾಡುತ್ತ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಪರರ ಮಕ್ಕಳ ಪಾಠವೂ ತಮ್ಮ ಪಾಠವೂ ಒಂದೇ ದಿನದಲ್ಲಿ ನಡೆಯಬೇಕಾದರೆ ಹೊತ್ತನ್ನು ಹಂಚಿಕೊಳ್ಳದೆ ಗತ್ಯಂತರವಿಲ್ಲ. ಮುಂದೆ 1934ರಲ್ಲಿ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತು ಗ್ರಂಥ ಬರೆದು, ದೇಶಕ್ಕೇ ಹತ್ತು ವರ್ಷಗಳ ಯೋಜನೆಯನ್ನು ಸೂಚಿಸಿದವರೂ ಅವರೇ. ಬಿಡುವಾದಾಗ ಓದುವೆನೆಂಬವನಿಗೆ ಬಿಡುವೆಂಬುದು ಬಾರದೆಂಬ ಸತ್ಯವನ್ನು ಆ ಬಾಳು ಸಾರುತ್ತದೆ.

ಆದರೆ ಅವರ ಹೆಸರಿನೊಡನೆ ಬೆಸೆದುಕೊಂಡ ಕೃಷ್ಣರಾಜಸಾಗರವು ಮತ್ತೊಂದು ಪಾಠವನ್ನೂ ಹೇಳುತ್ತದೆ. ಮಳೆಗಾಲ ಬಂತೆಂದರೆ ನೀರು 124 ಅಡಿಗೇರಿತೆ ಎಂದು ಜನ ವಿಚಾರಿಸುವರು. ಆ ಲೆಕ್ಕ ಬೇಕಾದುದೇ. ಆದರೂ ಕಾಲುವೆಗಿಳಿದು ಮಂಡ್ಯದ ಗದ್ದೆಗಳನ್ನು ತಣಿಸದ ನೀರಿನಿಂದ ಯಾವ ಬೆಳೆ ಬಂದೀತು? ಓದಿ ಮುಗಿಸಿದ ಪುಸ್ತಕಗಳ ಸಂಖ್ಯೆ ಅಡಿಯ ಲೆಕ್ಕ. ಅರಿತು ಅರಗಿಸಿಕೊಂಡದ್ದು ಗದ್ದೆಗೆ ಸಂದ ನೀರು.

ಸಂಖ್ಯೆಯೊಂದನ್ನೇ ಹಿಡಿದವನಿಗೆ ಒದಗುವ ಹಾನಿ ಅಲ್ಪವಲ್ಲ. ವರ್ಷಕ್ಕೆ ಐವತ್ತರ ಗುರಿ ಹೊತ್ತವನು ಪಂಪಭಾರತವನ್ನು ಕೈಗೆತ್ತಿಕೊಳ್ಳಲು ಹಿಂಜರಿಯುವನು. ಅಷ್ಟು ಹೊತ್ತಿನಲ್ಲಿ ಹತ್ತು ಕಿರುಹೊತ್ತಗೆಗಳು ಮುಗಿಯುತ್ತವಲ್ಲ! ಹೀಗೆ ಕಠಿನವಾದುದು ಕಪಾಟಿನಲ್ಲಿಯೇ ಉಳಿದು, ಸುಲಭವಾದುದು ಪಟ್ಟಿಯನ್ನು ತುಂಬುತ್ತದೆ.

ಹಳೆಯ ಪಾಠಶಾಲೆಗಳಲ್ಲಿಯೂ ಗುರಿಯಿತ್ತು. ಅಮರಕೋಶದ ಶ್ಲೋಕಗಳು ದಿನಕ್ಕೆ ಇಂತಿಷ್ಟೆಂದು ನಿಗದಿಯಾಗಿದ್ದವು. ಆದರೆ ನಿನ್ನೆಯದನ್ನು ಒಪ್ಪಿಸದವನಿಗೆ ಇಂದಿನ ಪಾಠವಿರಲಿಲ್ಲ. ಅಲ್ಲಿ ಎಣಿಕೆಯಿದ್ದುದು ಹಾಳೆ ತಿರುವಿದುದಕ್ಕಲ್ಲ, ಕೈವಶವಾದುದಕ್ಕೆ. ಆ ಕ್ರಮದಲ್ಲಿ ಬಾಯಿಪಾಠದ ಭಾರ ಅತಿಯಾಗಿತ್ತೆಂಬ ಆಕ್ಷೇಪ ನ್ಯಾಯವಾದುದಾದರೂ, ಅದರ ತಿರುಳನ್ನು ಕೈಬಿಡಬೇಕಾಗಿಲ್ಲ.

ಆದುದರಿಂದ ನೇಮ ಬೇಕು. ಅದು ಸಂಖ್ಯೆಯ ನೇಮವಾಗದೆ ಹೊತ್ತಿನ ನೇಮವಾಗಬೇಕು. ದಿನಕ್ಕೆ ಅರ್ಧ ಗಂಟೆ ತಪ್ಪದ ಓದು, ವರ್ಷಕ್ಕೊಂದಾದರೂ ಮಹಾಗ್ರಂಥ, ಓದಿದುದರ ಬಗೆಗೆ ಸ್ವಂತ ಮಾತಿನಲ್ಲಿ ಒಂದು ಪುಟದ ಟಿಪ್ಪಣಿ: ಇಷ್ಟು ಸಾಕು. ಇದಕ್ಕೆ ಅಧ್ಯಾಪಕರೇ ಮೇಲ್ಪಂಕ್ತಿಯಾಗಬೇಕು. ಓದದ ಗುರುವಿನ ಬಾಯಿಂದ ಓದಿನ ಉಪದೇಶ ಯಾವ ಶಿಷ್ಯನಿಗೂ ರುಚಿಸದು. ಕಪಾಟು ತುಂಬ ಗ್ರಂಥಗಳನ್ನಿತ್ತ ದಾನಿಗಳೂ ಮುಂದೆ ಶಾಲೆಗೆ ಬಂದಾಗ ಪುಸ್ತಕಗಳೆಷ್ಟಿವೆ ಎಂದು ಕೇಳುವುದಕ್ಕೆ ಬದಲಾಗಿ, ವೇಳಾಪಟ್ಟಿಯಲ್ಲಿ ಓದಿನ ಗಂಟೆ ಎಲ್ಲಿದೆ ಎಂದು ಕೇಳುವಂತಾಗಲಿ. ಕಪಾಟಿನ ಬೀಗಕ್ಕೆ ತುಕ್ಕು ಹಿಡಿಯದಿರಲು ಅದಕ್ಕಿಂತ ಮಿಗಿಲಾದ ಉಪಾಯವಿಲ್ಲ.